ಎದೆಗುಂದಿದವರಿಗೆ ಊರಿನ ಆಸರೆ

ಎದೆಗುಂದಿದ ಮನುಷ್ಯ ತನ್ನಷ್ಟಕ್ಕೆ ತಾನು ಧೈರ್ಯ ತಂದುಕೊಳ್ಳುವುದು ಅಪರೂಪ. ಬೆಳೆ ಕೈಕೊಟ್ಟಾಗ, ಮನೆಯಲ್ಲಿ ಅಕಾಲದ ಸಾವಾದಾಗ, ಸಾಲ ಕೊಟ್ಟವರು ಬಾಗಿಲಿಗೆ ಬಂದು ನಿಂತಾಗ ಅವನನ್ನು ಎಬ್ಬಿಸಿ ನಿಲ್ಲಿಸುವುದು ಹೆಚ್ಚಾಗಿ ಅವನು ನಂಬಿದ ದೇವರು ಮತ್ತು ಅವನ ಸುತ್ತಲಿನ ಜನ. ಇವೆರಡೂ ಕೂಡಿ ಹೇಗೆ ಕೆಲಸ ಮಾಡುತ್ತವೆ ಎಂಬುದಕ್ಕೆ ಆನವಟ್ಟಿ ಸೀಮೆಯಲ್ಲಿ ಒಂದು ಸಾವಿರ ವರ್ಷದ ದಾಖಲೆ ಸಿಗುತ್ತದೆ. ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಆನವಟ್ಟಿ, ಶಿರಾಳಕೊಪ್ಪದಿಂದ ಹಾನಗಲ್ಲಿನ ಕಡೆಗೆ ಹೋಗುವ ದಾರಿಯಲ್ಲಿರುವ ಊರು. ಮಲೆನಾಡು ಮುಗಿದು ಬಯಲುಸೀಮೆ ಶುರುವಾಗುವ ಜಾಗ. ಭತ್ತ, ಮೆಕ್ಕೆಜೋಳ, ಅಡಿಕೆ, ಶುಂಠಿ ಬೆಳೆಯುವ ಈ ನೆಲದಲ್ಲಿ ಮಳೆಯನ್ನೂ ಮಾರುಕಟ್ಟೆಯ ದರವನ್ನೂ ನಂಬಿ ಬದುಕುವವರೇ ಹೆಚ್ಚು. ಊರಿನ ಮಗ್ಗುಲಿನ ಕುಬಟೂರಿನಲ್ಲಿ ಸುಮಾರು 1100ರಲ್ಲಿ ಕಟ್ಟಿದ ಕೈಟಭೇಶ್ವರ ದೇವಾಲಯವಿದೆ. ಅದರ ವಿಶಾಲವಾದ ತೆರೆದ ಮಂಟಪದ ಅಂಚಿನುದ್ದಕ್ಕೂ ಒರಗಿ ಕೂರಲು ಕಲ್ಲಿನ ಕಕ್ಷಾಸನ ಮಾಡಿದ್ದಾರೆ. ದೇವರ ದರ್ಶನ ಮುಗಿಸಿದವರು ಅಲ್ಲೇ ಕುಳಿತು ಒಬ್ಬರೊಬ್ಬರ ಕಷ್ಟಸುಖ ಕೇಳಲಿ ಎಂದೇ ಕಟ್ಟಿದಂತಿರುವ ಮಂಟಪ ಅದು.

ಈ ಸೀಮೆಯ ಅತ್ಯಂತ ಸ್ಪಷ್ಟವಾದ ಸಾಕ್ಷ್ಯ ಇರುವುದು ಶಿರಾಳಕೊಪ್ಪದ ಪಕ್ಕದ ಬಳ್ಳಿಗಾವಿಯಲ್ಲಿ. ಕಲ್ಯಾಣದ ಚಾಲುಕ್ಯರ ಕಾಲಕ್ಕೆ ಬನವಾಸಿ ನಾಡಿನ ದೊಡ್ಡ ಪಟ್ಟಣವಾಗಿದ್ದ ಬಳ್ಳಿಗಾವಿಯ ಕೆರೆಯ ಹತ್ತಿರ ಕೇದಾರೇಶ್ವರ ದೇವಾಲಯವಿದೆ. ಅದಕ್ಕೆ ಸೇರಿದ್ದ ಕಾಳಾಮುಖ ಶೈವರ ಕೋಡಿಯಮಠವನ್ನು 1162ರ ಶಾಸನವೊಂದು ವಿವರವಾಗಿ ಬಣ್ಣಿಸುತ್ತದೆ. ಕಳಚುರಿ ಬಿಜ್ಜಳ ಆಳುತ್ತಿದ್ದ ಆ ಹೊತ್ತಿನಲ್ಲಿ ಮಠದ ಗುರುವಾಗಿದ್ದವನು ವಾಮಶಕ್ತಿ. ಅಲ್ಲಿ ವೇದ, ದರ್ಶನ, ಪುರಾಣಗಳನ್ನು ಓದಿಸುತ್ತಿದ್ದರು. ವ್ಯಾಕರಣದಲ್ಲಿ ಪಾಣಿನಿಯ ಜತೆಗೆ ಜೈನ ಶಾಕಟಾಯನನಿಗೂ ಜಾಗವಿತ್ತು. ಇಷ್ಟು ಹೇಳಿದ ಮೇಲೆ ಶಾಸನ ಅನ್ನದ ವಿಷಯಕ್ಕೆ ಬರುತ್ತದೆ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರಿಗೆ ಅಲ್ಲಿ ಊಟ. ಕಥೆ ಹೇಳುವವರು, ಹಾಡುವವರು, ವಾದ್ಯ ನುಡಿಸುವವರು, ಕುಣಿಯುವವರಿಗೂ ಊಟ. ಜೈನ ಕ್ಷಪಣಕರು, ಏಕದಂಡಿ ತ್ರಿದಂಡಿಗಳು, ನಾನಾ ದೇಶದಿಂದ ಬಂದ ಭಿಕ್ಷುಕರು, ಯಾರನ್ನೂ ಬಿಟ್ಟಿಲ್ಲ. ದಿಕ್ಕಿಲ್ಲದ ರೋಗಿಗಳಿಗೆ ಔಷಧೋಪಚಾರ ನಡೆಯುವ ಜಾಗ ಎಂದೂ, ಸಕಲ ಜೀವಿಗಳಿಗೆ ಅಭಯ ಸಿಗುವ ಜಾಗ ಎಂದೂ ಅದೇ ಶಾಸನ ಮಠವನ್ನು ಕರೆಯುತ್ತದೆ.

ಈ ಕ್ರಮವನ್ನು ಗಮನಿಸಬೇಕು. ಪಾಠ, ಅನ್ನ, ಔಷಧ, ಅಭಯ ಎಲ್ಲವೂ ಒಂದೇ ಸೂರಿನ ಕೆಳಗೆ ಇದ್ದವು. ಹಸಿದು ಬಂದವನಿಗೆ ಬರಿಯ ಉಪದೇಶ ಹೇಳಿ ಕಳಿಸಿದರೆ ಅವನ ಭಯ ಹೋಗುವುದಿಲ್ಲ ಎಂಬ ತಿಳಿವಳಿಕೆ ಆ ಶಾಸನ ಬರೆಸಿದವರಿಗೆ ಇತ್ತು. ಕಾಳಾಮುಖರ ಬಗ್ಗೆ ನಂತರದ ಸಾಹಿತ್ಯದಲ್ಲಿ ಕಟುವಾದ ಮಾತುಗಳು ಬಂದಿವೆ. ಬಳ್ಳಿಗಾವಿಯ ಈ ಕಲ್ಲನ್ನು ಓದಿದವರು ಅವರನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲಾರರು. ಅದೇ ಪಟ್ಟಣದಲ್ಲಿ ಜೈನ ಬಸದಿಗಳಿದ್ದವು, ವಿಷ್ಣುವಿನ ಗುಡಿಗಳಿದ್ದವು. 1065ರ ಸುಮಾರಿಗೆ ದಂಡನಾಯಕ ರೂಪಭಟ್ಟಯ್ಯ ಕಟ್ಟಿಸಿದ ಜಯಂತಿ ಬೌದ್ಧವಿಹಾರವೂ ಇತ್ತು. ಕಷ್ಟಕ್ಕೆ ಸಿಕ್ಕಿದವರಿಗೆ ತಟ್ಟಲು ಒಂದಕ್ಕಿಂತ ಹೆಚ್ಚು ಬಾಗಿಲುಗಳಿದ್ದ ಊರು ಅದು. ಹತ್ತಿರದ ಬಂದಳಿಕೆಯಲ್ಲಿ 10ನೆಯ ಶತಮಾನದ ಆರಂಭದ ಶಾಸನವೊಂದು ಜಕ್ಕಿಯಬ್ಬೆ ಎಂಬ ಜೈನ ಹೆಣ್ಣುಮಗಳನ್ನು ಕುರಿತದ್ದು. ಗಂಡ ತೀರಿಕೊಂಡ ಮೇಲೆ ನಾಗರಖಂಡ ಎಪ್ಪತ್ತರ ನಾಳ್ಗಾವುಂಡಿಕೆ ಅವಳ ಕೈಗೆ ಬಂತು. ಅವಳು ಅದನ್ನು ಸಮರ್ಥವಾಗಿ ನಡೆಸಿದಳು. ವೈಧವ್ಯದ ದುಃಖದಲ್ಲಿರುವ ಹೆಂಗಸಿನ ಮೇಲೆ ಎಪ್ಪತ್ತು ಹಳ್ಳಿಗಳ ಹೊಣೆ ಇಟ್ಟ ಆ ಕಾಲದ ನಂಬಿಕೆ ದೊಡ್ಡದು. ಹೊಣೆ ಒಪ್ಪಿಸುವುದೂ ಧೈರ್ಯ ಕೊಡುವ ಒಂದು ದಾರಿ.

ಬಳ್ಳಿಗಾವಿಯ ಹೆಸರಿನ ಜತೆಗೆ ಬರುವ ಇನ್ನೊಂದು ಹೆಸರು ಅಲ್ಲಮಪ್ರಭು. ಸುಮಾರು 1200ರ ಹೊತ್ತಿನ ಕವಿ ಹರಿಹರ ತನ್ನ ಪ್ರಭುದೇವರ ರಗಳೆಯಲ್ಲಿ ಹೇಳುವ ಕಥೆ ಹೀಗಿದೆ. ಅಲ್ಲಮ ಮದ್ದಳೆ ಬಾರಿಸುವವನು. ಕಮಲತೆ ಎಂಬ ಹೆಣ್ಣನ್ನು ಮನಸಾರೆ ಪ್ರೀತಿಸಿ ಕೂಡಿಕೊಂಡವನು. ಅವಳು ಜ್ವರ ಬಂದು ಸತ್ತಳು. ಅಲ್ಲಮ ಬುದ್ಧಿ ಕಳೆದುಕೊಂಡವನಂತೆ ಅಲೆದ. ಒಂದು ಕಡೆ ಕುಳಿತು ಸುಮ್ಮನೆ ನೆಲ ಕೆದಕುತ್ತಿದ್ದಾಗ ಮಣ್ಣಿನೊಳಗಿಂದ ಗುಡಿಯ ಕಳಸ ಕಂಡಿತು. ಅಗೆಸಿದಾಗ ಹೂತುಹೋಗಿದ್ದ ದೇವಾಲಯ, ಒಳಗೆ ಅಂಗೈಯಲ್ಲಿ ಲಿಂಗ ಹಿಡಿದು ಕುಳಿತ ಅನಿಮಿಷಯೋಗಿ. ಆ ಲಿಂಗ ಅಲ್ಲಮನ ಕೈಗೆ ಬಂತು, ಅಲ್ಲಿಂದ ಅವನ ಬದುಕು ತಿರುಗಿತು. 15ನೆಯ ಶತಮಾನದ ಚಾಮರಸನ ಪ್ರಭುಲಿಂಗಲೀಲೆ ಈ ಕಥೆಯನ್ನು ಬದಲಿಸುತ್ತದೆ. ಅಲ್ಲಿ ಅಲ್ಲಮನಿಗೆ ಮೋಹವೂ ಇಲ್ಲ, ಶೋಕವೂ ಇಲ್ಲ, ಮಾಯೆಯೇ ಅವನಿಗೆ ಸೋಲುತ್ತಾಳೆ. ಭಕ್ತರಿಗೆ ಚಾಮರಸನ ಅಲ್ಲಮ ಹೆಚ್ಚು ಪೂಜ್ಯ ಎನಿಸಬಹುದು. ನೊಂದವರಿಗೆ ಹತ್ತಿರದವನು ಹರಿಹರನ ಅಲ್ಲಮ. ಅವನು ಒಮ್ಮೆ ಪೂರ್ತಿ ಕುಸಿದು ಬಿದ್ದವನು.

ಹೀಗೆ ಬಿದ್ದು ಎದ್ದವನು ಮುಂದೆ ಇನ್ನೊಬ್ಬರ ದುಃಖದ ಮುಂದೆ ಹೇಗೆ ನಿಲ್ಲುತ್ತಾನೆ ಎಂಬುದನ್ನು ಶೂನ್ಯಸಂಪಾದನೆ ತೋರಿಸುತ್ತದೆ. 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ಮೊದಲು ಜೋಡಿಸಿ, ಆಮೇಲೆ ಮೂವರು ಪರಿಷ್ಕರಿಸಿದ ಈ ಗ್ರಂಥದಲ್ಲಿ ಶರಣರ ವಚನಗಳು ಸಂವಾದದ ರೂಪದಲ್ಲಿವೆ. ಅದರಲ್ಲಿ ಮುಕ್ತಾಯಕ್ಕನ ಪ್ರಸಂಗ ಬರುತ್ತದೆ. ಅಣ್ಣ ಅಜಗಣ್ಣನೇ ಅವಳಿಗೆ ಗುರು. ಅವನು ತೀರಿಕೊಂಡಿದ್ದಾನೆ, ಅವಳು ಶೋಕದಲ್ಲಿ ಮುಳುಗಿದ್ದಾಳೆ. ಆಗ ಅಲ್ಲಮ ಬರುತ್ತಾನೆ. ಅಳಬೇಡ ಎಂದು ತಲೆ ಸವರಿ ಹೊರಟುಹೋಗುವುದಿಲ್ಲ. ಅವಳನ್ನು ಪ್ರಶ್ನೆ ಕೇಳುತ್ತಾನೆ, ಅವಳ ಉತ್ತರಕ್ಕೆ ಮತ್ತೆ ಪ್ರಶ್ನೆ ಹಾಕುತ್ತಾನೆ. ಅವಳೂ ಸುಲಭಕ್ಕೆ ಒಪ್ಪುವವಳಲ್ಲ. ಮಾತು ಬಿಟ್ಟು ಮೌನ ಹಿಡಿಯಬೇಕೆಂದರೆ ನಿನ್ನ ಮಾತೇಕೆ ಎಂಬ ಧಾಟಿಯಲ್ಲಿ ಅಲ್ಲಮನನ್ನೇ ಕೆಣಕುತ್ತಾಳೆ. ಬಹಳ ಹೊತ್ತಿನ ಈ ವಾದದ ಕೊನೆಗೆ ಅವಳ ಮನಸ್ಸು ನಿಲ್ಲುತ್ತದೆ. ಅಣ್ಣನನ್ನು ಮರೆಯಬೇಕಾದ ಅಗತ್ಯವೂ ಬರುವುದಿಲ್ಲ, ಅವಳ ವಚನಗಳ ಅಂಕಿತವೇ ಅಜಗಣ್ಣ. ಕನ್ನಡದಲ್ಲಿ ಸಾಂತ್ವನದ ಬಗ್ಗೆ ಇದಕ್ಕಿಂತ ಆಳವಾದ ಬರಹ ಸಿಗುವುದು ಕಷ್ಟ. ದುಃಖದಲ್ಲಿರುವವರನ್ನು ಸಮಾನರೆಂದು ಕಂಡು, ಅವರಿಗೆ ಸಮಯ ಕೊಟ್ಟು, ಅವರ ಸಿಟ್ಟನ್ನೂ ಸಹಿಸಿಕೊಂಡು ಕೂರುವುದು ಇಲ್ಲಿ ಕಾಣುವ ರೀತಿ. ಇಂದಿನ ಆಪ್ತಸಮಾಲೋಚಕರು ತರಬೇತಿಯಲ್ಲಿ ಕಲಿಯುವುದೂ ಬಹುಮಟ್ಟಿಗೆ ಇದನ್ನೇ.

ಶಿಕಾರಿಪುರ ತಾಲ್ಲೂಕಿನ ಉಡುತಡಿ ಅಕ್ಕಮಹಾದೇವಿಯ ಊರು. ಕೌಶಿಕನೆಂಬ ಅರಸನನ್ನೂ ಅರಮನೆಯನ್ನೂ ತೊರೆದು ಒಬ್ಬಂಟಿಯಾಗಿ ಹೊರಟ ಆಕೆಯ ಧೈರ್ಯವನ್ನು ಎಲ್ಲರೂ ಹೊಗಳುತ್ತಾರೆ. ಆದರೆ ಆಕೆ ಹೊರಟದ್ದು ನೇರವಾಗಿ ಕಾಡಿಗಲ್ಲ, ನೂರಾರು ಕಿಲೋಮೀಟರ್ ದೂರದ ಕಲ್ಯಾಣಕ್ಕೆ ಎಂಬುದನ್ನು ಮರೆಯಬಾರದು. ದಾರಿಯಲ್ಲಿ ಹಸಿವಾದರೆ ಭಿಕ್ಷೆ, ಮಲಗಲು ಪಾಳು ಗುಡಿ ಸಾಕು ಎಂದ ಆಕೆಗೆ ಶರಣರ ಕೂಟ ಮಾತ್ರ ಬೇಕಾಗಿತ್ತು. ಕಲ್ಯಾಣದ ಬಾಗಿಲು ತಕ್ಷಣ ತೆರೆಯಲಿಲ್ಲ. ಶೂನ್ಯಸಂಪಾದನೆಯ ಪ್ರಕಾರ ಕಿನ್ನರಿ ಬೊಮ್ಮಯ್ಯನೂ ಅಲ್ಲಮನೂ ಆಕೆಯನ್ನು ಕಠಿಣವಾಗಿ ಪರೀಕ್ಷಿಸಿದರು. ಆ ಪ್ರಶ್ನೆಗಳನ್ನು ಇಂದು ಓದುವಾಗ ಮನಸ್ಸಿಗೆ ಮುಜುಗರವಾಗುತ್ತದೆ. ಉತ್ತರ ಕೊಟ್ಟ ಮೇಲೆ ಆಕೆ ಎಲ್ಲರಿಗೂ ಅಕ್ಕನಾದಳು. ಶ್ರೀಶೈಲದ ಕದಳಿಗೆ ಆಕೆ ಹೋದದ್ದು ಈ ಬಳಗದ ಹಾರೈಕೆ ಪಡೆದ ಮೇಲೆ. ಶಿರಾಳಕೊಪ್ಪದ ಬಳಿಯ ಹಿರೇಜಂಬೂರಿನ ಸತ್ಯಕ್ಕನದು ಇನ್ನೊಂದು ಬಗೆ. ಶಿವಭಕ್ತರ ಮನೆಯಂಗಳ ಗುಡಿಸುವುದು ಅವಳ ಕಾಯಕ. ದಾರಿಯಲ್ಲಿ ಹೊನ್ನು ಬಿದ್ದಿದ್ದರೂ ಮುಟ್ಟೆನು ಎಂಬ ನಿಲುವಿನವಳು. ದಿನಾ ನಾಲ್ಕು ಮನೆಯ ಅಂಗಳಕ್ಕೆ ಹೋಗುವವಳಿಗೆ ನಾಲ್ಕು ಮನೆಯ ನೋವು ಗೊತ್ತಿರುತ್ತದೆ. ಅವಳಿಗೆ ನೋವಾದರೆ ಆ ನಾಲ್ಕು ಮನೆಗೆ ಗೊತ್ತಾಗುತ್ತದೆ.

ಶರಣರ ನಂತರದ ಶತಮಾನಗಳಲ್ಲಿ ಈ ಕೆಲಸ ಹೆಚ್ಚಾಗಿ ನಡೆದಿರುವುದು ಗ್ರಂಥಗಳ ಹೊರಗೆ, ಆಚರಣೆಗಳಲ್ಲಿ. ಸಾವಿನ ಮನೆಯಲ್ಲಿ ಒಲೆ ಹಚ್ಚದ ದಿನಗಳಲ್ಲಿ ನೆಂಟರು, ನೆರೆಯವರು ಅಡುಗೆ ಮಾಡಿ ತರುತ್ತಾರೆ. ಹಿಂದೂಗಳಲ್ಲಿ ಹೇಗೋ ಶಿರಾಳಕೊಪ್ಪ, ಆನವಟ್ಟಿಯ ಮುಸ್ಲಿಂ ಮನೆಗಳಲ್ಲಿಯೂ ಹಾಗೆಯೇ. ನಾಟಿಯ ಹೊತ್ತಿನಲ್ಲಿ ಒಬ್ಬರ ಗದ್ದೆಗೆ ಇನ್ನೊಬ್ಬರು ಮುಯ್ಯಾಳಾಗಿ ಹೋಗುತ್ತಿದ್ದ ಪದ್ಧತಿಯಲ್ಲಿ ಕೂಲಿಯ ಲೆಕ್ಕಕ್ಕಿಂತ ದೊಡ್ಡದೊಂದು ಭರವಸೆ ಇತ್ತು. ಮನೆಯ ಯಜಮಾನ ಹಾಸಿಗೆ ಹಿಡಿದರೂ ಗದ್ದೆ ಬೀಳು ಬೀಳುತ್ತಿರಲಿಲ್ಲ. ಯಂತ್ರಗಳೂ ಗುತ್ತಿಗೆಯ ಕೂಲಿಯೂ ಬಂದ ಮೇಲೆ ಮುಯ್ಯಿ ಕಡಿಮೆಯಾಗಿದೆ. ಅದರೊಂದಿಗೆ ವಾರಗಟ್ಟಲೆ ಒಂದೇ ಸಾಲಿನಲ್ಲಿ ಬಗ್ಗಿ ನಿಂತು ಆಡುತ್ತಿದ್ದ ಮಾತುಕತೆಯೂ ಹೋಗಿದೆ. ಈ ನಷ್ಟವನ್ನು ಯಾವ ಕೃಷಿ ಲೆಕ್ಕಾಚಾರವೂ ತೋರಿಸುವುದಿಲ್ಲ.

ಆಶ್ವಯುಜ ಮಾಸದ ಭೂಮಿ ಹುಣ್ಣಿಮೆ ಸಾಗರ, ಸೊರಬ, ಶಿಕಾರಿಪುರ ಕಡೆಯ ರೈತರ ದೊಡ್ಡ ಹಬ್ಬ. ತೆನೆ ಕಟ್ಟುವ ಗದ್ದೆಯನ್ನು ಬಸುರಿಯೆಂದು ತಿಳಿದು ಸೀಮಂತ ಮಾಡುತ್ತಾರೆ. ದೀವರ ಹೆಣ್ಣುಮಕ್ಕಳು ದಿನಗಟ್ಟಲೆ ಕುಳಿತು ಭೂಮಣ್ಣಿ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯುತ್ತಾರೆ. ರಾತ್ರಿಯಿಡೀ ಅಡುಗೆ, ಬೆಳಗಿಗೆ ಮುಂಚೆ ಗದ್ದೆಗೆ ಪಯಣ, ಪೂಜೆ, ಚರಗ ಬೀರುವುದು, ಆಮೇಲೆ ಅಲ್ಲೇ ಬದುವಿನ ಮೇಲೆ ಎಲ್ಲರ ಊಟ. ಬೆಳೆ ಇನ್ನೂ ಕೈಗೆ ಬಂದಿರುವುದಿಲ್ಲ. ಮಳೆ ಹೆಚ್ಚಾಗಬಹುದು, ರೋಗ ತಗುಲಬಹುದು. ಫಲ ಖಾತ್ರಿಯಿಲ್ಲದ ಈ ಹೊತ್ತಿನಲ್ಲೇ ಹಬ್ಬ ಬರುತ್ತದೆ ಎಂಬುದರಲ್ಲಿ ಅದರ ಶಕ್ತಿ ಇದೆ. ಸುಗ್ಗಿಯಾದ ಮೇಲೆ ಸಂತೋಷಪಡುವುದಕ್ಕೆ ಧೈರ್ಯ ಬೇಕಿಲ್ಲ.

ಭೂಮಿ ಹುಣ್ಣಿಮೆ ಕಳೆದ ಕೆಲವೇ ದಿನಗಳಲ್ಲಿ ದೀಪಾವಳಿ ಬರುತ್ತದೆ. ಆ ರಾತ್ರಿಗಳಲ್ಲಿ ಮಲೆನಾಡಿನ ಊರುಗಳಲ್ಲಿ ಅಂಟಿಗೆ ಪಂಟಿಗೆಯ ತಂಡಗಳು ಹೊರಡುತ್ತವೆ. ಊರದೇವರ ಸನ್ನಿಧಿಯಲ್ಲಿ ಹೊತ್ತಿಸಿದ ದೀಪ ಹಿಡಿದು ಹಾಡುತ್ತಾ ಮನೆಮನೆಗೆ ಹೋಗುತ್ತಾರೆ. ಮನೆಯವರು ಆ ದೀಪಕ್ಕೆ ಎಣ್ಣೆ ಎರೆದು, ಅದರಿಂದ ತಮ್ಮ ದೀಪ ಹೊತ್ತಿಸಿಕೊಳ್ಳುತ್ತಾರೆ. ದಾರಿಯಲ್ಲಿ ದೀಪ ಆರಬಾರದು ಎಂಬುದು ನಿಯಮ, ಹಾಗಾಗಿ ಗಾಳಿ ಬಂದಾಗ ಸುತ್ತ ನಿಂತು ಕೈ ಅಡ್ಡ ಹಿಡಿಯುವುದು ತಂಡದ ಎಲ್ಲರ ಕೆಲಸ. ವರ್ಷದಲ್ಲಿ ಒಮ್ಮೆಯಾದರೂ ಊರಿನವರು ಬಡವರ ಬಾಗಿಲಿಗೂ ಸಾವಾದ ಮನೆಯ ಬಾಗಿಲಿಗೂ ಬಂದು ನಿಲ್ಲುವ ಏರ್ಪಾಡು ಇದು. ಸಂಕಟದಲ್ಲಿರುವವರು ಹೊರಗೆ ಬರುವುದಿಲ್ಲ. ಊರೇ ಒಳಗೆ ಹೋಗಬೇಕಾಗುತ್ತದೆ.

ನಂಬಿಕೆಯ ಪಾಲು ಇಲ್ಲಿ ಏನು ಎಂದು ಕೇಳಬಹುದು. ಮನುಷ್ಯರ ಮುಂದೆ ಹೇಳಲಾಗದ ಮಾತನ್ನು ದೇವರ ಮುಂದೆ ಹೇಳಬಹುದು ಎಂಬುದು ಮೊದಲ ಅನುಕೂಲ. ಹರಕೆಯ ಕೆಲಸ ಇನ್ನೂ ಸೂಕ್ಷ್ಮವಾದುದು. ಚಂದ್ರಗುತ್ತಿಯ ರೇಣುಕಾಂಬೆಗೋ ಶಿಕಾರಿಪುರದ ಹುಚ್ಚರಾಯಸ್ವಾಮಿಗೋ ಮುಂದಿನ ಜಾತ್ರೆಯ ಹೊತ್ತಿಗೆ ಬಂದು ಹರಕೆ ತೀರಿಸುತ್ತೇನೆ ಎಂದು ಹೇಳಿಕೊಂಡವನು ಆ ದಿನದವರೆಗೆ ಬದುಕಿರುವುದಾಗಿ ಮಾತು ಕೊಟ್ಟಂತಾಯಿತು. ನಾಳೆ ಎಂಬುದೇ ಕಾಣದವನ ಮುಂದೆ ಹರಕೆ ಒಂದು ತಾರೀಖು ಇಡುತ್ತದೆ. ಶುಕ್ರವಾರದ ಜುಮ್ಮಾ ನಮಾಜು, ಸೋಮವಾರದ ಪೂಜೆ, ಶನಿವಾರದ ಭಜನೆ ವಾರಕ್ಕೊಮ್ಮೆ ಅದೇ ಕೆಲಸ ಮಾಡುತ್ತವೆ. ಬರಬೇಕಾದವನು ಬರದಿದ್ದರೆ ಯಾರೋ ಒಬ್ಬರು ವಿಚಾರಿಸುತ್ತಾರೆ. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಕೈಮ್ 1897ರಲ್ಲಿ ಆತ್ಮಹತ್ಯೆಯನ್ನು ಕುರಿತು ಬರೆದ ಗ್ರಂಥದ ಮುಖ್ಯ ವಾದವೂ ಇದಕ್ಕೆ ಹತ್ತಿರದ್ದು. ಧರ್ಮ ಮನುಷ್ಯನನ್ನು ಕಾಯುವುದು ಅದರ ಬೋಧನೆಗಿಂತ ಹೆಚ್ಚಾಗಿ ಅದು ಜನರನ್ನು ಒಂದುಗೂಡಿಸುವ ಬಲದಿಂದ ಎಂದು ಅವನು ವಾದಿಸಿದ.

ಊರಿಗೆ ಊರೇ ಧೈರ್ಯ ತಂದುಕೊಂಡದ್ದಕ್ಕೆ ಶಿಕಾರಿಪುರ ತಾಲ್ಲೂಕಿನ ಈಸೂರು ಸಾಕ್ಷಿ. 1942ರ ಸೆಪ್ಟೆಂಬರಿನಲ್ಲಿ ಈಸೂರಿನ ಜನ ವೀರಭದ್ರೇಶ್ವರ ದೇವಾಲಯದ ಮೇಲೆ ರಾಷ್ಟ್ರಧ್ವಜ ಏರಿಸಿ, ತಮ್ಮದು ಸ್ವತಂತ್ರ ಗ್ರಾಮ ಎಂದು ಸಾರಿದರು. ಏಸೂರು ಕೊಟ್ಟರೂ ಈಸೂರು ಕೊಡೆವು ಎಂಬ ಘೋಷಣೆ ನಾಡಿನಲ್ಲೆಲ್ಲ ಹಬ್ಬಿತು. ಧ್ವಜಕ್ಕೆ ದೇವಾಲಯವನ್ನೇ ಆರಿಸಿದ್ದು ಸಹಜವಾಗಿತ್ತು. ಊರಿನವರೆಲ್ಲ ತಮ್ಮದೆಂದು ಒಪ್ಪುವ ಎತ್ತರದ ಜಾಗ ಇನ್ನೊಂದು ಇರಲಿಲ್ಲ. ಅಧಿಕಾರಿಗಳೊಂದಿಗೆ ಘರ್ಷಣೆಯಾಗಿ ಅಮಲ್ದಾರರೂ ಪೊಲೀಸ್ ಸಬ್ ಇನ್‌ಸ್ಪೆಕ್ಟರೂ ಸತ್ತರು. ಆಮೇಲೆ ಸೇನೆ ಬಂತು, ಜನ ಕಾಡು ಸೇರಿದರು. ಗುರಪ್ಪ, ಜೀನಹಳ್ಳಿ ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಬಡೇಕಳ್ಳಿ ಹಾಲಪ್ಪ, ಗೌಡ ಶಂಕರಪ್ಪ ಎಂಬ ಐವರನ್ನು 1943ರ ಮಾರ್ಚಿನಲ್ಲಿ ಗಲ್ಲಿಗೇರಿಸಿದರು. ಒಗ್ಗಟ್ಟಿನ ಧೈರ್ಯ ಎಷ್ಟು ಎತ್ತರಕ್ಕೆ ಏರಬಲ್ಲದು ಎಂಬುದೂ, ಗುಂಪಿನ ಸಿಟ್ಟು ಕೈಮೀರಿದರೆ ಎರಡೂ ಕಡೆಯ ಮನೆಗಳು ಎಷ್ಟು ತೆರಬೇಕಾಗುತ್ತದೆ ಎಂಬುದೂ ಈಸೂರಿನಲ್ಲಿ ಒಟ್ಟಿಗೇ ಕಾಣುತ್ತದೆ.

ನಂಬಿಕೆ ಮತ್ತು ಬಳಗದ ಬಲವನ್ನು ವೈದ್ಯರೂ ಅಳೆದು ನೋಡಿದ್ದಾರೆ. ಬೆಂಗಳೂರಿನ ನಿಮ್ಹಾನ್ಸ್ ತಜ್ಞರು ತಮಿಳುನಾಡಿನ ಹಳ್ಳಿಯೊಂದರ ದೇವಾಲಯದಲ್ಲಿ ಉಳಿದುಕೊಂಡಿದ್ದ 31 ಮಂದಿ ಮಾನಸಿಕ ರೋಗಿಗಳನ್ನು ಗಮನಿಸಿ, 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ವರದಿ ಪ್ರಕಟಿಸಿದರು. ಅಲ್ಲಿ ವಿಶೇಷ ಮಂತ್ರ ತಂತ್ರ ಏನೂ ಇರಲಿಲ್ಲ. ಬೆಳಗಿನ ಸರಳ ಪೂಜೆ, ಗುಡಿಯ ಅಂಗಳ ಗುಡಿಸುವುದು, ಗಿಡಕ್ಕೆ ನೀರು ಹಾಕುವುದು, ಜತೆಗೆ ಮನೆಯವರಲ್ಲೊಬ್ಬರು. ಸರಾಸರಿ ಆರು ವಾರಗಳ ವಾಸದ ನಂತರ ರೋಗಲಕ್ಷಣದ ಅಂಕ ಸುಮಾರು ಶೇಕಡಾ 20ರಷ್ಟು ಇಳಿದಿತ್ತು. ಹೋಲಿಸಿ ನೋಡಲು ಬೇರೊಂದು ಗುಂಪು ಇಲ್ಲದ ಸಣ್ಣ ಅಧ್ಯಯನ ಇದು, ಇದರಿಂದ ದೊಡ್ಡ ತೀರ್ಮಾನಕ್ಕೆ ಬರಲಾಗದು. ಆದರೂ ಬೆದರಿಸದ, ಹೀಯಾಳಿಸದ ವಾತಾವರಣದಲ್ಲಿ ಸಣ್ಣ ಕೆಲಸ ಕೊಟ್ಟು ಇರಿಸಿಕೊಂಡರೆ ತೀವ್ರ ಕಾಯಿಲೆಯವರಿಗೂ ಅನುಕೂಲವಾಗಬಲ್ಲದು ಎಂಬ ಸೂಚನೆ ಅದರಲ್ಲಿದೆ.

ಇದರ ತದ್ವಿರುದ್ಧ ಉದಾಹರಣೆ ಅದೇ ರಾಜ್ಯದ ಏರ್ವಾಡಿ. 2001ರ ಆಗಸ್ಟ್ 6ರಂದು ದರ್ಗಾದ ಆಸುಪಾಸಿನ ಖಾಸಗಿ ವಸತಿಯೊಂದರಲ್ಲಿ ಬೆಂಕಿ ಬಿದ್ದಾಗ, ಸರಪಳಿಯಲ್ಲಿ ಬಿಗಿದಿದ್ದ 28 ಮಾನಸಿಕ ರೋಗಿಗಳು ಓಡಲಾಗದೆ ಸುಟ್ಟುಹೋದರು. ರೋಗಿಯನ್ನು ಸರಪಳಿಯಿಂದ ಕಟ್ಟುವುದನ್ನು 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ ನಿಷೇಧಿಸಿದೆ. ನಂಬಿಕೆಯ ಹೆಸರಿನಲ್ಲಿ ಚಿಕಿತ್ಸೆ ತಪ್ಪಿಸುವುದು, ದೆವ್ವ ಬಿಡಿಸುತ್ತೇವೆಂದು ಹೊಡೆಯುವುದು, ಭಕ್ತಿ ಸಾಲದ್ದಕ್ಕೇ ಹೀಗಾಯಿತು ಎಂದು ದೂರುವುದು ಕುಗ್ಗಿದವರನ್ನು ಇನ್ನಷ್ಟು ಕೆಳಕ್ಕೆ ತಳ್ಳುತ್ತವೆ. ಸಮುದಾಯವೂ ಯಾವಾಗಲೂ ತಾಯಿಯಂತಿರುವುದಿಲ್ಲ. ಜಾತಿಯ ಕಾರಣಕ್ಕೆ ಗುಡಿಯ ಹೊರಗೆ ನಿಂತವರಿಗೆ ಗುಡಿಯೊಳಗಿನ ಕೂಟ ಧೈರ್ಯ ಕೊಡಲಾರದು. ಗುಂಪು ಸಾಲದಲ್ಲಿ ಒಬ್ಬಳು ಕಂತು ತಪ್ಪಿಸಿದರೆ ಉಳಿದವರು ತೆರಬೇಕಾದಾಗ, ನೆರೆಯವರೇ ಅವಳ ಮನೆ ಮುಂದೆ ಕೂರುವ ಸ್ಥಿತಿ ಬರುತ್ತದೆ. ಆಸರೆಯಾಗಬೇಕಾದ ಸಂಘವೇ ಅವಮಾನದ ಮೂಲವಾಗುತ್ತದೆ. ಸಾಲ ವಸೂಲಿಯ ಕಿರುಕುಳ ತಡೆಯಲು ಕರ್ನಾಟಕ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತರಬೇಕಾಯಿತು.

ಎದೆಗುಂದಿದ ಸ್ಥಿತಿ ಮತ್ತು ಖಿನ್ನತೆಯ ಕಾಯಿಲೆ ಒಂದೇ ಅಲ್ಲ. ದುಃಖ ದಿನ ಕಳೆದಂತೆ ಹಗುರಾಗುತ್ತದೆ, ಜನರ ನಡುವೆ ಕೂತರೆ ಸ್ವಲ್ಪ ಹೊತ್ತಾದರೂ ಮರೆಯುತ್ತದೆ. ನಿದ್ದೆ, ಊಟ, ಕೆಲಸದ ಆಸಕ್ತಿ ಎರಡು ವಾರ ದಾಟಿದರೂ ಮರಳದಿದ್ದರೆ, ಬದುಕಿ ಪ್ರಯೋಜನವಿಲ್ಲ ಎಂಬ ಮಾತು ಬಂದರೆ ವೈದ್ಯರನ್ನು ಕಾಣಬೇಕು. ಔಷಧಕ್ಕೂ ಅನ್ನಕ್ಕೂ ದೇವರಿಗೂ ಜಗಳವಿಲ್ಲ ಎಂದು ಕೋಡಿಯಮಠದವರು ಒಪ್ಪಿದ್ದನ್ನು ಇಂದಿನ ಗುಡಿ, ಮಸೀದಿ, ಮಠಗಳೂ ಒಪ್ಪಬಹುದು. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರ ಸೇವೆಗೆ ವ್ಯವಸ್ಥೆ ಇದೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು. ಕರೆ ಮಾಡುವ ಶಕ್ತಿಯೂ ಇಲ್ಲದವರ ಪರವಾಗಿ ಮನೆಯವರು, ಭಜನೆಯ ಜತೆಗಾರರು, ಸಂಘದ ಹೆಣ್ಣುಮಕ್ಕಳು, ಆಶಾ ಕಾರ್ಯಕರ್ತೆಯರು ಆ ಸಂಖ್ಯೆ ಒತ್ತಬಹುದು. ಆಸ್ಪತ್ರೆಗೆ ಹೋಗುವ ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿ ಕೂರಲೂಬಹುದು.